ಗೊಡಾರ್ಡ್ ರಾಕೆಟ್‌ನ ಮಾದರಿ ಮಾಡೋಣ ಬನ್ನಿ

ಸೋಮವಾರಪೇಟೆ ಕಡೆಯ ನಮ್ಮ ಶಾಲೆಯಲ್ಲಿ ಒಂದು ಕೋಣೆಯನ್ನು ಪುಟ್ಟ ವಿಜ್ಞಾನ ಮ್ಯೂಸಿಯಂ ಮಾಡಿಕೊಂಡಿದ್ದೇವೆ. ಅಲ್ಲಿಗೆ ನಾನು ಅಮೆರಿಕದ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರ 1926ರ ರಾಕೆಟ್‌ನ ಮಾದರಿ ಮಾಡಿದೆ. ದ್ರವ ಇಂಧನದಿಂದ ಹಾರಿದ ಮೊದಲ ರಾಕೆಟ್ ಅದು. ನೀವೂ ಮಾಡುವುದಾದರೆ ಜನವರಿಯಲ್ಲಿ, ಕಣದಲ್ಲಿ ಕಾಫಿ ಒಣಗುವ ಬಿಸಿಲಿರುವಾಗ ಕೈ ಹಾಕಿ. ನಾನು ಮೊದಲ ಸಲ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಶುರು ಮಾಡಿದ್ದೆ. ವಾರವಾದರೂ ಬಣ್ಣ ಒಣಗಲಿಲ್ಲ, ಬಿದಿರಿಗೆ ಬೂಷ್ಟು ಹಿಡಿಯಿತು.

ನಿಜವಾದ ರಾಕೆಟ್ ಸುಮಾರು 10 ಅಡಿ ಉದ್ದ. ಐದರಲ್ಲಿ ಒಂದು ಪಾಲು ಅಂದರೆ 61 ಸೆಂಟಿಮೀಟರ್. ಗೊಡಾರ್ಡ್ ಪಕ್ಕದಲ್ಲಿ ನಿಂತಿರುವ ಫೋಟೊ ಎಲ್ಲ ಕಡೆ ಸಿಗುತ್ತದೆ. ಅದನ್ನು ಪ್ರಿಂಟ್ ಹಾಕಿಸಿ, ರಾಕೆಟ್ ಎಷ್ಟು ಸೆಂಟಿಮೀಟರ್ ಇದೆ ನೋಡಿ. 61ನ್ನು ಅದರಿಂದ ಭಾಗಿಸಿ. ಬಂದ ಸಂಖ್ಯೆಯಿಂದ ಉಳಿದ ಅಳತೆಗಳನ್ನೆಲ್ಲ ಗುಣಿಸಿದರೆ ಸಾಕು. ಆದರೆ ಫೋಟೊದಲ್ಲಿ ಸುತ್ತ ಕಾಣುವ ಚೌಕಟ್ಟು ರಾಕೆಟ್ ಅಲ್ಲ, ಹಾರಿಸುವ ಸ್ಟ್ಯಾಂಡ್. ಅದಕ್ಕೆ ಮುರಿದ ಕೊಡೆಯ ಕಡ್ಡಿ ಚೆನ್ನಾಗಿರುತ್ತದೆ. ನಮ್ಮೂರಲ್ಲಿ ಅದಕ್ಕೇನು ಬರವಿಲ್ಲ.

ಈಗ ಮುಖ್ಯವಾದ ಮಾತು. ಇಂಧನ ಉರಿಯುವ ಮೋಟಾರ್ ಮೇಲೆ, ಟ್ಯಾಂಕುಗಳು ಕೆಳಗೆ. ನೋಡಿದವರೆಲ್ಲ 'ಉಲ್ಟಾ ಆಯ್ತಲ್ವಾ' ಅನ್ನುತ್ತಾರೆ. ಅವರ ಮಾತು ಕೇಳಿ ಚೂಪು ಮೂತಿ ಇಟ್ಟು 'ಸರಿ' ಮಾಡಬೇಡಿ. ಮೇಲಿನಿಂದ ಎಳೆದರೆ ರಾಕೆಟ್ ನೆಟ್ಟಗೆ ಹೋಗುತ್ತದೆ ಎಂದು ಗೊಡಾರ್ಡ್ ನಂಬಿದ್ದರು. ಹಾಗಾಗುವುದಿಲ್ಲ ಎಂದು ಆಮೇಲೆ ತಿಳಿದು ಮೋಟಾರನ್ನು ಕೆಳಗಿಟ್ಟರು. ಆ ಯೋಚನೆಯ ದಾರಿ ಮಕ್ಕಳಿಗೆ ಕಾಣಬೇಕು ಅಂತಲೇ ನಾನು ಈ ರಾಕೆಟ್ ಆರಿಸಿಕೊಂಡದ್ದು.

ಟ್ಯಾಂಕುಗಳಿಗೆ ಸಣ್ಣ ಬಿದಿರಿನ ಎರಡು ತುಂಡು ಬೇಕು. ಒಂದು ಪೆಟ್ರೋಲ್‌ಗೆ, ಇನ್ನೊಂದು ದ್ರವ ಆಮ್ಲಜನಕಕ್ಕೆ. ಒಲೆಯ ಮೇಲಿನ ಅಟ್ಟದಲ್ಲಿ ತಿಂಗಳು ಒಣಗಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಬೆಳ್ಳಿ ಬಣ್ಣ ಹಚ್ಚಿ. ಟ್ಯಾಂಕಿನಿಂದ ಮೋಟಾರಿಗೆ ಹೋಗುವ ಎರಡು ಕೊಳವೆಗೆ ಸೈಕಲ್ ಕಡ್ಡಿ. ಮೋಟಾರಿನ ಬೆಂಕಿ ಕೆಳಗಿನ ಟ್ಯಾಂಕಿಗೆ ತಾಗದಂತೆ ಮಧ್ಯೆ ಶಂಕುವಿನ ಆಕಾರದ ಮುಚ್ಚಳವಿತ್ತು. ಅದನ್ನು ದಪ್ಪ ರಟ್ಟಿನಲ್ಲಿ ಸುತ್ತಿ ಅಂಟಿಸಿ. ಇದನ್ನು ಮಾತ್ರ ಮರೆಯಬೇಡಿ. ಕಡ್ಡಿಗಳಿಗೆ ವಾರ್ನಿಷ್ ಬಳಿಯಿರಿ, ಇಲ್ಲದಿದ್ದರೆ ಜೂನ್ ಕಳೆಯುವಷ್ಟರಲ್ಲಿ ತುಕ್ಕು. ಗಾಜಿನ ಪೆಟ್ಟಿಗೆಯೊಳಗೆ ಚಪ್ಪಲಿ ಡಬ್ಬದಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಇಡಿ.

1926ರ ಮಾರ್ಚ್ 16ರಂದು, ಅಮೆರಿಕದ ಆಬರ್ನ್ ಊರಿನ ಹೊಲದಲ್ಲಿ ಅದು ಹಾರಿದ್ದು ಎರಡೂವರೆ ಸೆಕೆಂಡು. 41 ಅಡಿ ಮೇಲೇರಿ, 184 ಅಡಿ ದೂರ ಹೋಗಿ ಬಿತ್ತು. ಇದನ್ನೂ ಅದೇ ಅಳತೆಯಲ್ಲಿ ತೋರಿಸಿ. ಗೋಡೆಯ ಮೇಲೆ ಎರಡೂವರೆ ಮೀಟರ್ ಎತ್ತರದಲ್ಲಿ ಒಂದು ಗೆರೆ, ಸ್ಟ್ಯಾಂಡಿನಿಂದ 11 ಮೀಟರ್ ದೂರದಲ್ಲಿ ಒಂದು ಗುರುತು. ರಾಕೆಟ್ ಬಿದ್ದದ್ದು ಎಲೆಕೋಸಿನ ಪಾತಿಯಲ್ಲಿ. ಅದಕ್ಕೇ ನಮ್ಮ ವರಾಂಡದ ಕೊನೆಯಲ್ಲಿ ಹಸಿರು ಕಾಗದದ ಒಂದು ಕೋಸು ಇದೆ. ಎರಡೂವರೆ ಸೆಕೆಂಡಿನೊಳಗೆ ಓಡಿ ಅದನ್ನು ಮುಟ್ಟಲು ಮಕ್ಕಳು ದಿನಾ ನೋಡುತ್ತಾರೆ.