ಖಾಲಿ ಗಾಜಿನ ಬಾಟಲಿಯಿಂದ ಚೆಂದದ ಹೂದಾನಿ

ಮನೆ ಅಲಂಕಾರಕ್ಕೆ ಜಾಸ್ತಿ ಖರ್ಚು ಮಾಡಬೇಕಿಲ್ಲ. ಖಾಲಿ ಗಾಜಿನ ಬಾಟಲಿ, ಸೆಣಬಿನ ದಾರ, ಬಿಳಿ ಅಂಟು ಇದ್ದರೆ ಸಾಕು.

ಮೊದಲು ಬಾಟಲಿಯನ್ನು ಬಿಸಿ ನೀರಿನಲ್ಲಿ ನೆನೆಸಿ ಲೇಬಲ್ ತೆಗೆಯಿರಿ. ಜಿಗುಟು ಉಳಿದರೆ ಅಡುಗೆ ಎಣ್ಣೆಗೆ ಚೂರು ಅಡುಗೆ ಸೋಡಾ ಕಲಸಿ ತಿಕ್ಕಿ. ಆಮೇಲೆ ಸೋಪು ಹಾಕಿ ತೊಳೆದು ಒಣಗಿಸಲೇಬೇಕು. ಎಣ್ಣೆ ಪಸೆ ಇದ್ದರೆ ಅಂಟು ಹಿಡಿಯುವುದೇ ಇಲ್ಲ.

ಅರ್ಧದಲ್ಲಿ ದಾರ ಮುಗಿದರೆ ಬೇಜಾರು, ಅಲ್ವಾ? ಮೊದಲೇ ಲೆಕ್ಕ ಹಾಕಿ. 7 ಸೆಂ.ಮೀ. ಅಗಲದ ಬಾಟಲಿಗೆ ಒಂದು ಸುತ್ತಿಗೆ ಸುಮಾರು 22 ಸೆಂ.ಮೀ. ಬೇಕು. ದಾರ 3 ಮಿ.ಮೀ. ದಪ್ಪ ಇದ್ದರೆ 10 ಸೆಂ.ಮೀ. ಎತ್ತರಕ್ಕೆ 33 ಸುತ್ತು. ಅಂದರೆ ಏಳೂವರೆ ಮೀಟರ್ ಇಟ್ಟುಕೊಳ್ಳಿ, ಸ್ವಲ್ಪ ಜಾಸ್ತಿಯೇ ಇರಲಿ.

ತಳದಿಂದ ಸುತ್ತುತ್ತಾ ಬನ್ನಿ. ಒಂದು ಸಲಕ್ಕೆ ಎರಡು ಬೆರಳಗಲ ಮಾತ್ರ ಅಂಟು ಹಚ್ಚಿ. ಪೂರ್ತಿ ಹಚ್ಚಿದರೆ ಸುತ್ತಿ ಮುಗಿಸುವಷ್ಟರಲ್ಲಿ ಒಣಗಿಬಿಡುತ್ತದೆ. ಪ್ರತಿ ಸುತ್ತನ್ನೂ ಉಗುರಿನಿಂದ ಕೆಳಕ್ಕೆ ಒತ್ತಿದರೆ ಸಂದಿಯಲ್ಲಿ ಗಾಜು ಕಾಣುವುದಿಲ್ಲ. ಕೊನೆಯ ತುದಿ ಬಾಟಲಿಯ ಹಿಂಬದಿಗೆ ಬರಲಿ. ಒಣಗಿದ ಮೇಲೆ ಎದ್ದು ನಿಂತ ನಾರುಗಳನ್ನು ಕತ್ತರಿಯಿಂದ ಸವರಿ.

ಲೇಸು, ಮಣಿ ಎಲ್ಲಾ ಅಂಟಿಸಬಹುದು. ನನಗಂತೂ ಸುಮ್ನೆ ದಾರವೇ ಇಷ್ಟ. ಬೇಕಿದ್ದರೆ ಮನೆಯವರ ಹೆಸರಿನ ಮೊದಲ ಅಕ್ಷರವನ್ನು ದಪ್ಪ ಬಟ್ಟೆಯಲ್ಲಿ ಕತ್ತರಿಸಿ ಅಂಟಿಸಿ.

ಒಳಗೆ ಮೇಣದಬತ್ತಿ ಮಾತ್ರ ಹಚ್ಚಬೇಡಿ, ಸೆಣಬಿಗೆ ಬೇಗ ಬೆಂಕಿ ಹತ್ತುತ್ತದೆ. ಬೆಳಕು ಬೇಕೆಂದರೆ ಬ್ಯಾಟರಿಯ ಪುಟ್ಟ ಎಲ್‌ಇಡಿ ಸರ ಹಾಕಿ.