ಪ್ರೋಬಯಾಟಿಕ್ ಕೊಳ್ಳುವ ಮೊದಲು ಡಬ್ಬಿಯ ಹಿಂಬದಿ ಓದಿ

ಪ್ರೋಬಯಾಟಿಕ್ ಅಂದರೆ ಆರೋಗ್ಯಕ್ಕೆ ಒಳ್ಳೆಯದಾಗಲಿ ಅಂತ ನುಂಗುವ ಜೀವಂತ ಸೂಕ್ಷ್ಮಜೀವಿಗಳು. ಡಬ್ಬಿಯ ಮುಂದೆ ದಪ್ಪ ಅಕ್ಷರದಲ್ಲಿ ಇರುವುದು ಅವು ಎಷ್ಟು ಕೋಟಿ ಇವೆ ಅನ್ನುವ ಲೆಕ್ಕ. ಅದಕ್ಕೆ ಮರುಳಾಗಬೇಡಿ. ನಮ್ಮ ಮೈಯಲ್ಲಿ ಈಗಾಗಲೇ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾ ಇವೆ, ಹೆಚ್ಚಿನವು ದೊಡ್ಡ ಕರುಳಿನಲ್ಲಿ. ಒಂದು ಕ್ಯಾಪ್ಸೂಲಿನಲ್ಲಿ 1000 ಕೋಟಿ ಇದ್ದರೂ ಅದು ಮೂರು ಸಾವಿರದಲ್ಲಿ ಒಂದು ಪಾಲೂ ಆಗುವುದಿಲ್ಲ. ಹಾಗಾಗಿ ಎಷ್ಟು ಅನ್ನುವುದಕ್ಕಿಂತ ಯಾವುದು ಅನ್ನುವುದೇ ಮುಖ್ಯ.

ಮೊದಲು, ಯಾತಕ್ಕೆ ಬೇಕು ಅಂತ ಕೇಳಿಕೊಳ್ಳಿ. "ಹೊಟ್ಟೆಗೆ ಒಳ್ಳೆಯದಂತೆ" ಅನ್ನುವುದು ಉತ್ತರವಲ್ಲ. ಆಂಟಿಬಯಾಟಿಕ್ ತೆಗೆದುಕೊಂಡಾಗ ಶುರುವಾಗುವ ಭೇದಿಯನ್ನು ಕೆಲವು ತಳಿಗಳು ಕಡಿಮೆ ಮಾಡುತ್ತವೆ, ಇದಕ್ಕೆ ಸಾಕಷ್ಟು ಆಧಾರವಿದೆ. ಹಾಲು ಅರಗದವರಿಗೆ ಮೊಸರು ಅರಗುವುದೂ ಹೀಗೆಯೇ: ಅದರಲ್ಲಿರುವ ಜೀವಂತ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸ್ ಅನ್ನುವ ಹಾಲಿನ ಸಕ್ಕರೆಯನ್ನು ಒಡೆಯುವ ಕೆಲಸದಲ್ಲಿ ಕೈಜೋಡಿಸುತ್ತವೆ. ತೂಕ ಇಳಿಸುವುದು, ಮುಖಕ್ಕೆ ಕಾಂತಿ ಬರಿಸುವುದು ಇವೆಲ್ಲ ಸದ್ಯಕ್ಕೆ ಜಾಹೀರಾತಿನ ಮಾತು. ಆರೋಗ್ಯವಾಗಿ ಇರುವವರು ಸುಮ್ನೆ ದಿನಾ ನುಂಗುವ ಅಗತ್ಯವೂ ಇಲ್ಲ.

ಒಳಗೆ ಹೋಗಿ ಇವು ಮಾಡುವುದಾದರೂ ಏನು? ಲ್ಯಾಕ್ಟಿಕ್ ಆಮ್ಲ ತಯಾರಿಸಿ ರೋಗಾಣುಗಳಿಗೆ ಅಲ್ಲಿ ಬಾಳುವುದೇ ಕಷ್ಟ ಮಾಡುತ್ತವೆ. ಕರುಳಿನ ಗೋಡೆಗೆ ಅಂಟಿಕೊಳ್ಳುವ ಜಾಗಕ್ಕೂ, ಊಟಕ್ಕೂ ಅವುಗಳ ಜೊತೆ ಪೈಪೋಟಿಗೆ ಬೀಳುತ್ತವೆ. ಕೆಲವು ತಳಿಗಳು ಕರುಳಿನ ಲೋಳೆಯನ್ನು ಹೆಚ್ಚಿಸಿ, ರೋಗನಿರೋಧಕ ಕೋಶಗಳನ್ನು ಎಚ್ಚರವಾಗಿಡುತ್ತವೆ. ಎಲ್ಲವೂ ಎಲ್ಲ ಕೆಲಸ ಮಾಡುವುದಿಲ್ಲ, ಗೊಂದಲ ಹುಟ್ಟುವುದೇ ಇಲ್ಲಿ.

ಆಮೇಲೆ ಹೆಸರು ಪೂರ್ತಿ ಇದೆಯಾ ನೋಡಿ. ಸರಿಯಾದ ಲೇಬಲ್ಲಿನಲ್ಲಿ ಮೂರು ಭಾಗ ಇರುತ್ತದೆ, ಉದಾಹರಣೆಗೆ ಲ್ಯಾಕ್ಟೋಬ್ಯಾಸಿಲಸ್ ರಾಮ್ನೋಸಸ್ ಜಿಜಿ. (2020ರಲ್ಲಿ ಈ ದೊಡ್ಡ ಕುಲವನ್ನು ಒಡೆದು ಹೆಸರು ಬದಲಿಸಿದರು, ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್ ಅಂತಲೂ ಕಾಣಬಹುದು. ಗಾಬರಿ ಬೇಡ, ಅದೇ ಜೀವಿ.) ಕೊನೆಯ ಆ ಎರಡು ಅಕ್ಷರವೇ ತಳಿ, ಅದಿಲ್ಲದಿದ್ದರೆ ಡಬ್ಬಿಯನ್ನು ವಾಪಸ್ ಇಡಿ. ತಳಿಗೆ ಯಾಕಿಷ್ಟು ಮರ್ಯಾದೆ ಅಂದರೆ, ಇ. ಕೋಲಿ ಬ್ಯಾಕ್ಟೀರಿಯಾ ಅಂದಕೂಡಲೇ ನಮಗೆ ನೆನಪಾಗುವುದು ಕಾಯಿಲೆ ಅಲ್ವಾ, ಆದರೆ ಮೊದಲ ಮಹಾಯುದ್ಧದಲ್ಲಿ ಜೊತೆಯವರೆಲ್ಲ ಭೇದಿಯಿಂದ ನರಳುವಾಗ ಆರಾಮಾಗಿದ್ದ ಒಬ್ಬ ಸೈನಿಕನಿಂದ 1917ರಲ್ಲಿ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಲೆ ಬೇರ್ಪಡಿಸಿದ ಇ. ಕೋಲಿ ತಳಿ ಇವತ್ತಿಗೂ ಔಷಧಿಯಾಗಿ ಬಳಕೆಯಲ್ಲಿದೆ.

ಸಂಖ್ಯೆ ಯಾವತ್ತಿನದು? ಸಿಎಫ್‌ಯು ಅಂದರೆ ಬೆಳೆಯಬಲ್ಲ ಜೀವಂತ ಕಣಗಳ ಲೆಕ್ಕ. ತಯಾರಾದ ದಿನದ ಲೆಕ್ಕ ಕೊಟ್ಟಿದ್ದರೆ ಪ್ರಯೋಜನ ಕಡಿಮೆ, ಯಾಕೆಂದರೆ ಶೇಖರಣೆಯಲ್ಲಿ ಅವು ಸಾಯುತ್ತಾ ಹೋಗುತ್ತವೆ. ಬಳಕೆಯ ಕೊನೆಯ ದಿನಾಂಕದವರೆಗೂ ಇಷ್ಟು ಇರುತ್ತದೆ ಅಂತ ಬರೆದಿರಬೇಕು. ಫ್ರಿಜ್‌ನಲ್ಲಿಡಿ ಅಂದಿದ್ದರೆ ಇಡಿ.

ಆಂಟಿಬಯಾಟಿಕ್ ಜೊತೆ ತೆಗೆದುಕೊಳ್ಳುವಾಗ ವೈದ್ಯರನ್ನು ಕೇಳಿ, ಮೊದಲ ಒಂದೆರಡು ದಿನದೊಳಗೇ ಶುರು ಮಾಡಿ. ಎರಡು ಮಾತ್ರೆಗಳ ನಡುವೆ ಸುಮಾರು 2 ಗಂಟೆ ಅಂತರವಿರಲಿ, ಇಲ್ಲದಿದ್ದರೆ ಆಂಟಿಬಯಾಟಿಕ್ ಈ ಬ್ಯಾಕ್ಟೀರಿಯಾಗಳನ್ನೂ ಕೊಂದುಬಿಡುತ್ತದೆ. ಸ್ಯಾಕರೊಮೈಸೀಸ್ ಬೌಲಾರ್ಡಿ ಆದರೆ ಈ ತಲೆನೋವಿಲ್ಲ. ಅದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟ್, ಆಂಟಿಬಯಾಟಿಕ್ ಅದಕ್ಕೆ ನಾಟುವುದಿಲ್ಲ. ಕೋರ್ಸ್ ಮುಗಿದ ಮೇಲೂ ತಿಂಗಳುಗಟ್ಟಲೆ ನುಂಗುತ್ತಾ ಇರಬೇಡಿ. ಇಸ್ರೇಲಿನ ವೈಜ್ಮನ್ ಸಂಸ್ಥೆಯ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಂಟಿಬಯಾಟಿಕ್ ನಂತರ ಪ್ರೋಬಯಾಟಿಕ್ ತೆಗೆದುಕೊಂಡವರ ಕರುಳಿನಲ್ಲಿ ಅವರದ್ದೇ ಹಳೆಯ ಬ್ಯಾಕ್ಟೀರಿಯಾಗಳು ಮರಳುವುದು ತಡವಾಗಿತ್ತು.

ಹೊರಗಿಂದ ಬಂದವು ಸಾಮಾನ್ಯವಾಗಿ ಒಳಗೆ ನೆಲೆಸುವುದಿಲ್ಲ, ನಿಲ್ಲಿಸಿದ ಕೆಲವೇ ವಾರಗಳಲ್ಲಿ ಕಾಣೆಯಾಗುತ್ತವೆ. ಅದಕ್ಕೇ ಇದ್ದವನ್ನು ಸಾಕುವುದು ಜಾಣತನ. ಬೇಳೆಕಾಳು, ತರಕಾರಿ, ಇಡೀ ಧಾನ್ಯದ ನಾರನ್ನು ಅವು ಹುದುಗಿಸಿ ಬ್ಯುಟಿರೇಟ್ ಮಾಡುತ್ತವೆ, ದೊಡ್ಡ ಕರುಳಿನ ಕೋಶಗಳಿಗೆ ಅದೇ ಮುಖ್ಯ ಇಂಧನ. ನಾರನ್ನು ನಿಧಾನವಾಗಿ ಜಾಸ್ತಿ ಮಾಡಿ, ಇಲ್ಲದಿದ್ದರೆ ಗ್ಯಾಸ್ ಕಾಟ.

ಪ್ರೋಬಯಾಟಿಕ್‌ನಿಂದಲೂ ಮೊದಲ ಕೆಲವು ದಿನ ಹೊಟ್ಟೆ ಉಬ್ಬರಿಸಬಹುದು. ಒಂದು ತಿಂಗಳಾದರೂ ಏನೂ ಬದಲಾವಣೆ ಕಾಣದಿದ್ದರೆ ನಿಲ್ಲಿಸಿಬಿಡಿ. ರೋಗನಿರೋಧಕ ಶಕ್ತಿ ತೀರಾ ಕುಗ್ಗಿದವರು, ರಕ್ತನಾಳಕ್ಕೆ ಕ್ಯಾತಿಟರ್ ಹಾಕಿಸಿಕೊಂಡವರು, ಮೇದೋಜೀರಕ ಗ್ರಂಥಿಯ ತೀವ್ರ ಉರಿಯೂತ ಇರುವವರು ವೈದ್ಯರು ಹೇಳದೆ ಮುಟ್ಟಲೇಬಾರದು. ಅವಧಿಗೆ ಮುಂಚೆ ಹುಟ್ಟಿದ ಶಿಶುಗಳಿಗಂತೂ ಮನೆಯಲ್ಲಿ ಕೊಡಲೇಬೇಡಿ. ಈ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದರೆ ಅಂಥವರ ಜೀವಕ್ಕೇ ಕುತ್ತು.