ಹೊಸ ಪ್ಯಾಡ್ ಹಾಕಿಸಿದ ಮೇಲೆ ಪೆಡಲ್ ಇಳಿಯತೊಡಗಿತು

ಮುಂದಿನ ಎರಡು ಚಕ್ರಕ್ಕೆ ಹೊಸ ಬ್ರೇಕ್ ಪ್ಯಾಡ್, ಎಡಗಡೆಗೆ ಹೊಸ ಬ್ರೇಕ್ ಹೋಸ್ (ಚಕ್ರದ ಬ್ರೇಕಿಗೆ ಆಯಿಲ್ ಒಯ್ಯುವ ಪೈಪ್). ಇಷ್ಟು ಕೆಲಸ ಮಾಡಿಸಿ ಗ್ಯಾರೇಜಿನಿಂದ ಕಾರು ತಂದಿದ್ದೆ. ಮೂರನೇ ದಿನ ಇಳಿಜಾರಿನ ಸಿಗ್ನಲ್‌ನಲ್ಲಿ ನಿಂತಿದ್ದಾಗ, ಬ್ರೇಕ್ ಮೇಲೆ ಕಾಲಿಟ್ಟಂತೆಯೇ ಪೆಡಲ್ ನಿಧಾನಕ್ಕೆ ಕೆಳಗಿಳಿಯಿತು. ನಾನೇನೂ ಜೋರಾಗಿ ಒತ್ತಿರಲಿಲ್ಲ. ಕಲಸಿಟ್ಟ ಹಿಟ್ಟಿನ ಮೇಲೆ ಬೆರಳಿಟ್ಟರೆ ಹೇಗೆ ಇಳಿಯುತ್ತೋ, ಹಾಗೆ. ಕಾರು ಒಂದು ಗೇಣು ಮುಂದೆ ಜಾರಿತು. ಹ್ಯಾಂಡ್‌ಬ್ರೇಕ್ ಎಳೆದೆ, ನಿಂತಿತು.

ನಿಜ ಹೇಳಬೇಕೆಂದರೆ ಹಿಂದಿನ ದಿನವೇ ಸುಳಿವು ಸಿಕ್ಕಿತ್ತು. ತಿರುವಿನಲ್ಲಿ ಡ್ಯಾಶ್‌ಬೋರ್ಡಿನ ಕೆಂಪು ದೀಪ ಮಿಣುಕಿ ಆರಿತ್ತು. ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿಲ್ಲ ಅಂದುಕೊಂಡು ಒಮ್ಮೆ ಎತ್ತಿ ಇಳಿಸಿ ಸುಮ್ಮನಾದೆ. ತುಂಬಾ ಕಾರುಗಳಲ್ಲಿ ಹ್ಯಾಂಡ್‌ಬ್ರೇಕಿಗೂ ಬ್ರೇಕ್ ಆಯಿಲ್ ಕಡಿಮೆಯಾಗಿದ್ದಕ್ಕೂ ಒಂದೇ ದೀಪ. ಆಯಿಲ್ ಅಂಚಿಗೆ ಬಂದಿದ್ದರೆ ತಿರುವಿನಲ್ಲಿ ತುಳುಕಿದಾಗ ಅದು ಹೀಗೆ ಮಿಣುಕುತ್ತೆ.

ಕಾರನ್ನು ಪಕ್ಕಕ್ಕೆ ಹಾಕಿ ಗ್ಯಾರೇಜಿಗೆ ಫೋನ್ ಮಾಡಿದೆ. "ಹೊಸ ಪ್ಯಾಡ್ ಅಲ್ವಾ ಸಾರ್, ಸ್ವಲ್ಪ ಓಡಿಸಿ, ಸೆಟ್ ಆಗುತ್ತೆ" ಎಂದರು. ಈ ಮಾತಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಜನ ನಂಬಿಬಿಡುತ್ತಾರೆ. ಹೊಸ ಪ್ಯಾಡು ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಹೊಂದಿಕೊಳ್ಳಲು ಒಂದಷ್ಟು ದಿನ ಬೇಕು, ಅಲ್ಲಿಯವರೆಗೆ ಹಿಡಿತ ಸ್ವಲ್ಪ ಕಡಿಮೆ ಇರುತ್ತೆ. ಆದರೆ ಪೆಡಲ್ ಗಟ್ಟಿಯಾಗೇ ಇರಬೇಕು. ಒತ್ತಿ ಹಿಡಿದಾಗ ಇಳಿಯುತ್ತಾ ಹೋದರೆ ಅದು ಪ್ಯಾಡಿನ ವಿಷಯವೇ ಅಲ್ಲ. ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೆ ಒತ್ತಡ ನಿಲ್ಲುತ್ತಿಲ್ಲ.

ಬಾನೆಟ್ ಎತ್ತಿದೆ. ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ ಕೆಳಗಿನ ಗೆರೆಗಿಂತ ಕೆಳಗಿತ್ತು. ಅಲ್ಲೇ ನನಗೆ ಖಾತ್ರಿಯಾಯಿತು. ಪ್ಯಾಡ್ ಸವೆದಂತೆ ಮಟ್ಟ ಇಳಿಯುವುದು ಸಹಜ, ಆದರೆ ಹೊಸ ಪ್ಯಾಡ್ ಹಾಕುವಾಗ ಅದನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳುತ್ತಾರೆ, ಆಯಿಲ್ ಮೇಲೇರುತ್ತೆ. ಹೊಸ ಪ್ಯಾಡ್ ಹಾಕಿ ಮೂರೇ ದಿನಕ್ಕೆ ಮಟ್ಟ ಇಷ್ಟು ಇಳಿದಿದೆ ಅಂದರೆ ಆಯಿಲ್ ಹೊರಗೆ ಹೋಗಿದೆ. ಎಡ ಚಕ್ರದ ಒಳಮೈ ಒದ್ದೆಯಾಗಿತ್ತು. ಟಿಶ್ಯೂ ಪೇಪರಿನಲ್ಲಿ ಒರೆಸಿ ನೋಡಿದೆ: ನೀರಲ್ಲ, ಜಾರುವ, ತಿಳಿ ಹಳದಿ ದ್ರವ. (ಬ್ರೇಕ್ ಆಯಿಲ್ ಕಾರಿನ ಬಣ್ಣದ ಮೇಲೆ ಬಿದ್ದರೆ ಬಣ್ಣವನ್ನೇ ಎಬ್ಬಿಸುತ್ತೆ, ಕೂಡಲೇ ನೀರು ಹಾಕಿ ತೊಳೆಯಬೇಕು.)

ಆಯಿಲ್ ತುಂಬಿಸಿ ಮೆಲ್ಲಗೆ ಗ್ಯಾರೇಜಿಗೆ ಹೋಗಿಬಿಡೋಣ ಅಂತ ಮನಸ್ಸು ಹೇಳಿತು. ಹೋಗಲಿಲ್ಲ. ಬ್ರೇಕಿಗೆ ಎರಡು ಪ್ರತ್ಯೇಕ ಆಯಿಲ್ ಲೈನ್ ಇರುವುದರಿಂದಲೇ, ಒಂದು ಸೋರಿದರೂ ಅಷ್ಟು ಹೊತ್ತು ಕಾರು ನಿಲ್ಲುತ್ತಿತ್ತು. ಅರ್ಧ ಬ್ರೇಕ್ ನಂಬಿ ಟ್ರಾಫಿಕ್ಕಿಗೆ ಇಳಿಯೋದು ನನ್ನಿಂದಾಗದು. ಹಗ್ಗ ಕಟ್ಟಿ ಎಳೆಸುವುದೂ ಬೇಡ, ಹಿಂದೆ ಎಳೆಸಿಕೊಳ್ಳುವ ಕಾರಿಗೂ ಬ್ರೇಕ್ ಬೇಕಲ್ಲ! ಇಡೀ ಕಾರನ್ನು ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿದೆ. ಅದು ಬರುವಷ್ಟರಲ್ಲಿ ಡಬ್ಬಿ, ಒದ್ದೆ ಚಕ್ರ, ಕಿಲೋಮೀಟರ್ ರೀಡಿಂಗ್ ಎಲ್ಲದರ ಫೋಟೋ ತೆಗೆದೆ. ಪೆಡಲ್ ಇಳಿಯುವುದನ್ನು ವಿಡಿಯೋ ಮಾಡಿದೆ.

ಕಾರನ್ನು ಬೇರೆ ಮೆಕ್ಯಾನಿಕ್ ಹತ್ತಿರ ಒಯ್ದೆ. ತಪ್ಪು ಮಾಡಿದವರೇ ಬಿಚ್ಚಿದರೆ ತಪ್ಪು ಕಾಣಿಸೋದು ಕಷ್ಟ. ಹೋಸನ್ನು ಕ್ಯಾಲಿಪರಿಗೆ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಸೇರಿಸುವ ಬೋಲ್ಟ್ ಬಿಚ್ಚಿ ಅವರು ಒಂದು ತಾಮ್ರದ ವಾಷರ್ ನನ್ನ ಅಂಗೈಗೆ ಇಟ್ಟರು. ಅದರ ಮೇಲೆ ಎರಡು ಉಂಗುರದ ಗುರುತು, ಒಂದರ ಮೇಲೊಂದು ಸರಿಯಾಗಿ ಕೂತಿರಲಿಲ್ಲ. ಹಳೆಯ ಹೋಸಿನದೊಂದು, ಹೊಸದರದೊಂದು. ಅಂದರೆ ಹಳೆ ವಾಷರನ್ನೇ ಮತ್ತೆ ಹಾಕಿದ್ದರು. ಈ ವಾಷರ್ ಬಿಗಿದಾಗ ಹಿಸುಕಿಕೊಂಡು ಸೋರಿಕೆ ತಡೆಯುತ್ತೆ. ಒಮ್ಮೆ ಹಿಸುಕಿದ್ದನ್ನು ಮತ್ತೆ ಹಾಕಬಾರದು. ಅವರು ಹೋಸಿನ ಎರಡೂ ಬದಿಗೆ ಹೊಸ ವಾಷರ್ ಹಾಕಿ ಕಂಪನಿ ಹೇಳಿದ ಬಿಗಿತಕ್ಕೆ, ಬಿಗಿತ ಅಳೆಯುವ ಟಾರ್ಕ್ ರೆಂಚಿನಿಂದ ಬಿಗಿದರು. ಆಯಿಲ್ ಕುಡಿದಿದ್ದ ಪ್ಯಾಡ್ ಎಸೆದು ಎರಡೂ ಚಕ್ರಕ್ಕೆ ಹೊಸದು ಹಾಕಿದರು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಬರುವುದು ನಿಲ್ಲುವ ತನಕ ಬ್ರೇಕ್ ಲೈನಿನೊಳಗಿನ ಗಾಳಿ ತೆಗೆದರು.

ಅವರಿಂದ ಬರಹದಲ್ಲಿ ವರದಿ ಪಡೆದು, ಫೋಟೋ ಮತ್ತು ಜಾಬ್ ಕಾರ್ಡ್ (ಗ್ಯಾರೇಜಿನವರು ಕೆಲಸ ಬರೆದುಕೊಟ್ಟ ಚೀಟಿ) ಜೊತೆ ಮೊದಲ ಗ್ಯಾರೇಜಿಗೆ ಕಳಿಸಿದೆ. ಕೂಗಾಡಲಿಲ್ಲ. ಆ ವಾಷರನ್ನೂ ಕವರಿನಲ್ಲಿಟ್ಟು ತೋರಿಸಿದೆ. ಮಾಲೀಕರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ವಾರದೊಳಗೆ ರಿಪೇರಿ ಹಣವನ್ನೂ ಕಾರು ಸಾಗಿಸಿದ ಖರ್ಚನ್ನೂ ಕೊಟ್ಟರು.

ಈಗ ಗ್ಯಾರೇಜಿನಿಂದ ಹೊರಡುವ ಮೊದಲು ನಾನೇ ಪರೀಕ್ಷೆ ಮಾಡುತ್ತೇನೆ. ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿದರೆ ಪೆಡಲ್ ಗಟ್ಟಿಯಾಗಬೇಕು. ಒತ್ತಿ ಹಿಡಿದೇ ಸ್ಟಾರ್ಟ್ ಮಾಡಿದರೆ ತುಸು ಇಳಿಯುತ್ತೆ. ಅದು ಕಾಲಿನ ಒತ್ತಡವನ್ನು ಹೆಚ್ಚಿಸುವ ಬೂಸ್ಟರ್ ಕೆಲಸ ಮಾಡುತ್ತಿರುವ ಲಕ್ಷಣ, ಹೆದರಬೇಡಿ. ಅಲ್ಲಿಂದ ಮುಂದೆ ಇಳಿಯಬಾರದು. ಆ ರಿಪೇರಿ ಆದಮೇಲೆ ಒಂದು ವಾರ ಎಡ ಚಕ್ರದ ಕೆಳಗೆ ರಾತ್ರಿ ಹಳೆ ಪೇಪರ್ ಹಾಸುತ್ತಿದ್ದೆ. ಎಂಟನೇ ದಿನವೂ ಒಣಗಿಯೇ ಇತ್ತು. ಆಮೇಲೆ ಹಾಸೋದು ಬಿಟ್ಟೆ.